ಕೈ ಕಟ್ಟಿಕೊಂಡ ಖಳರು

ಮೈನ್‌ಕ್ರಾಫ್ಟ್ ಎಂಬ ವಿಡಿಯೊ ಆಟದ ಖಳ ವಿಂಡಿಕೇಟರ್ ಸುಮ್ಮನಿದ್ದಾಗ ಕೈ ಕಟ್ಟಿಕೊಂಡಿರುತ್ತಾನೆ. ಎರಡೂ ಕೈಗಳನ್ನು ಅಂಗಿಯ ತೋಳೊಳಗೆ ತೂರಿಸಿ, ಎದೆಯ ಮುಂದೆ ಜೋಡಿಸಿ, ಊರ ಪಂಚಾಯ್ತಿಗೆ ಹೊರಟ ದೊಡ್ಡ ಮನುಷ್ಯನ ಗತ್ತಿನಲ್ಲಿ ಪಡಸಾಲೆಯುದ್ದಕ್ಕೂ ಅಡ್ಡಾಡುತ್ತಾನೆ. ಆಯುಧದ ಸುಳಿವೇ ಇಲ್ಲ. ನಿಮ್ಮ ಮೇಲೆ ಅವನ ಕಣ್ಣು ಬಿತ್ತೋ, ಆ ತೋಳುಗಳು ಬಿಚ್ಚಿಕೊಳ್ಳುತ್ತವೆ. ಎಲ್ಲಿತ್ತೋ ಏನೋ, ಒಂದು ಕಬ್ಬಿಣದ ಕೊಡಲಿ ತಲೆಯ ಮೇಲಕ್ಕೆ ಎದ್ದಿರುತ್ತದೆ. ಈ ಒಂದು ಬಿಚ್ಚುವಿಕೆಗಾಗಿಯೇ ನಾನು ಎಷ್ಟೋ ರಾತ್ರಿ ಅವನ ನೆಲೆಯಾದ ಕಾಡುಬಂಗಲೆಯ ಬಾಗಿಲ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೇನೆ. ಕೊಡಲಿ ಬೀಸುವುದರಲ್ಲಿ ಅಂಥ ವಿಶೇಷವೇನಿಲ್ಲ, ಯಾವ ಆಟದಲ್ಲಾದರೂ ಯಾರಾದರೂ ಬೀಸುತ್ತಾರೆ. ಕಟ್ಟಿದ ಕೈ ಬಿಚ್ಚುವ ಆ ಅರೆಕ್ಷಣ ಮಾತ್ರ ಅಪ್ಪಟ ಮುತ್ತು.

ಅದರ ರುಚಿ ಪೂರ್ತಿಯಾಗಿ ಹತ್ತಬೇಕಾದರೆ ಹಳ್ಳಿಯವರ ಪರಿಚಯವಿರಬೇಕು. ಈ ಲೋಕದ ಸಾಧು ವಿಲೇಜರ್‌ಗಳೂ ಹೀಗೇ ಕೈ ಕಟ್ಟಿಕೊಂಡಿರುತ್ತಾರೆ. ಅವರದು ಯಾವತ್ತೂ ಬಿಚ್ಚುವುದಿಲ್ಲ. ಹೊಡೆದರೂ ಬಿಚ್ಚುವುದಿಲ್ಲ, ಮನೆಗೆ ಬೆಂಕಿ ಬಿದ್ದರೂ ಬಿಚ್ಚುವುದಿಲ್ಲ, ಓಡುತ್ತಾರೆ ಅಷ್ಟೆ. ಇಬ್ಬರ ತಲೆಯೂ ಒಂದೇ ಅಚ್ಚಿನದು: 8 ಪಿಕ್ಸೆಲ್ ಅಗಲ, 10 ಪಿಕ್ಸೆಲ್ ಎತ್ತರ, ನಡುವೆ 2 ಅಗಲ 4 ಉದ್ದದ ಆ ಜೋತುಬಿದ್ದ ಮೂಗು. ಇಷ್ಟು ಸಣ್ಣ ಜಾಗದಲ್ಲಿ ಚಿತ್ರಕಾರ ಒಳ್ಳೆಯವನನ್ನೂ ಕೆಟ್ಟವನನ್ನೂ ಬೇರೆ ಮಾಡಬೇಕು. ಅವನು ಮಾಡಿದ್ದು ತೀರ ಕಡಿಮೆ. ಮೈಯ ಗೋಧಿಬಣ್ಣವನ್ನು ತೆಗೆದು ಮಳೆಗಾಲದ ಮೋಡದಂಥ ಬೂದು ಬಳಿದ, ಹುಬ್ಬನ್ನು ಇನ್ನಷ್ಟು ಕಪ್ಪಾಗಿಸಿ ನಡುವಿಗೆ ಇಳಿಸಿದ. ಮುಗಿಯಿತು. ಉಳಿದದ್ದೆಲ್ಲ ಹಳ್ಳಿಯವನದೇ. ಗಂಟಲೂ ಅವನದೇ: ಹಳ್ಳಿಯವನು ಮೂಗಿನಲ್ಲಿ ‘ಹ್ಞೂಂ’ ಎಂದು ರಾಗ ಎಳೆದರೆ, ಇವನು ಅದನ್ನೇ ಒಂದು ಮನೆ ಕೆಳಗಿಳಿಸಿ, ಸ್ವಲ್ಪ ಮರಳು ಬೆರೆಸಿ ಹೇಳುತ್ತಾನೆ. ಇಬ್ಬರಿಗೂ ಏನು ನಂಟು, ಯಾವಾಗ ಮನಸ್ಸು ಮುರಿಯಿತು ಎಂಬುದನ್ನು ಆಟ ಬಾಯಿಬಿಟ್ಟು ಹೇಳುವುದಿಲ್ಲ. ಮೂಗನ್ನು ತೋರಿಸಿ ಸುಮ್ಮನಾಗುತ್ತದೆ.

ಈ ಮನುಷ್ಯಾಕಾರದ ವೈರಿಗಳಿಗೆಲ್ಲ ಸೇರಿ ಇಲೇಜರ್‌ಗಳೆಂದು ಹೆಸರು. ಮಾರ್ಕಸ್ ಪರ್ಸನ್ 2009ರಲ್ಲಿ ಸ್ವೀಡನ್ನಿನಲ್ಲಿ ಶುರುಮಾಡಿದ ಆಟ ಪೂರ್ಣರೂಪದಲ್ಲಿ ಹೊರಬಂದದ್ದು 2011ರ ನವೆಂಬರ್‌ನಲ್ಲಿ. ಹಳ್ಳಿಯವರು ಆಗಲೇ ಇದ್ದರು, ವೈರಿಗಳಿಗೆ ಇನ್ನೂ ಐದು ವರ್ಷ ಕಾಯಬೇಕಾಯಿತು. 2016ರ ನವೆಂಬರ್‌ನ ಆವೃತ್ತಿ ಕಾಡುಬಂಗಲೆಯನ್ನೂ ಅದರೊಳಗೆ ವಿಂಡಿಕೇಟರ್, ಮಾಟಗಾರ ಇವೋಕರ್‌ಗಳನ್ನೂ ತಂದಿತು. 2019ರ ಏಪ್ರಿಲ್ 23ರಂದು ಬಂದ ‘ವಿಲೇಜ್ ಅಂಡ್ ಪಿಲೇಜ್’ ಆ ಬಂಗಲೆಯ ಬಾಗಿಲು ತೆರೆದು ಇವರನ್ನೆಲ್ಲ ಬಯಲಿಗೆ ಬಿಟ್ಟಿತು. ಅಡ್ಡಬಿಲ್ಲಿನ ಪಿಲೇಜರ್, ಗೂಳಿಯಂಥ ರಾವೇಜರ್, ಮತ್ತು ಈ ಎಲ್ಲರೂ ಕೂಡಿ ನಡೆಸುವ ಊರ ಮೇಲಿನ ದಾಳಿ, ಅಂದರೆ ರೇಡ್. ನನ್ನ ಮಟ್ಟಿಗೆ ಮೈನ್‌ಕ್ರಾಫ್ಟ್‌ನ ಇತಿಹಾಸದಲ್ಲಿ ಅದಕ್ಕಿಂತ ರಸವತ್ತಾದ ಆವೃತ್ತಿ ಇನ್ನೊಂದಿಲ್ಲ.

ಜಾಣತನ ಎಲ್ಲಿದೆ ಗೊತ್ತೆ? ದಾಳಿಕೋರರನ್ನು ತಂದ ಆವೃತ್ತಿಯೇ ಹಳ್ಳಿಯನ್ನೂ ಹೊಸದಾಗಿ ಕಟ್ಟಿತು. ಅಲ್ಲಿಯವರೆಗೆ ಹಳ್ಳಿ ಎಂದರೆ ಹೆಚ್ಚುಕಡಿಮೆ ಒಂದೇ ನಮೂನೆಯ ನಾಲ್ಕಾರು ಮನೆ. 2019ರ ನಂತರ ಮರುಭೂಮಿಯ ಊರಿಗೆ ತನ್ನದೇ ರೂಪ ಬಂತು, ಹಿಮದ ಊರಿಗೆ ಇನ್ನೊಂದು. ಬೆಳಿಗ್ಗೆ ಎದ್ದು ಒಬ್ಬೊಬ್ಬನೂ ತನ್ನ ಕಸುಬಿನ ಕಟ್ಟೆಗೆ ಹೋಗುತ್ತಾನೆ. ಪುಸ್ತಕದವನಿಗೆ ಪುಸ್ತಕಪೀಠ, ರೈತನಿಗೆ ಗೊಬ್ಬರದ ತೊಟ್ಟಿ, ಕಟುಕನಿಗೆ ಹೊಗೆಗೂಡು. ಮಧ್ಯಾಹ್ನ ಎಲ್ಲರೂ ಊರ ನಡುವಿನ ಗಂಟೆಯ ಸುತ್ತ ಸೇರಿ ಮೂಗು ಮೂಗು ನೋಡಿಕೊಂಡು ಹರಟುತ್ತಾರೆ. ಮಕ್ಕಳು ಓಡಾಡಿ ಆಡಿ, ಮನೆಯೊಳಗೆ ನುಗ್ಗಿ ಹಾಸಿಗೆಯ ಮೇಲೆ ಕುಣಿಯುತ್ತವೆ. ಸಂಜೆಯಾದರೆ ಅವರವರ ಹಾಸಿಗೆ ಅವರವರಿಗೆ. ಕೆಡಿಸುವವನು ಬರುವ ಮೊದಲು ಕೆಡುವಂಥದ್ದನ್ನು ಇಷ್ಟು ಅಕ್ಕರೆಯಿಂದ ಹೆಣೆದಿಟ್ಟಿದ್ದಾರೆ. ದಾಳಿ ನಡೆಯಲು ಆಟ ಮೊದಲು ಹುಡುಕುವುದೂ ಈ ಹಾಸಿಗೆ, ಕಟ್ಟೆಗಳನ್ನೇ. ವಿಲೇಜರ್ ಒಬ್ಬ ತನ್ನದೆಂದು ಹಿಡಿದುಕೊಂಡ ಹಾಸಿಗೆಯೋ ಕಸುಬಿನ ಕಟ್ಟೆಯೋ ಒಂದಿದ್ದರೆ ಅದು ಊರು, ಇಲ್ಲದಿದ್ದರೆ ಬರಿಯ ಕಟ್ಟಡಗಳು.

ಇನ್ನು ದಾಳಿಯನ್ನು ಕರೆತರುವ ಅಪಶಕುನ. ಬಯಲಿನಲ್ಲಿ ಗಸ್ತು ತಿರುಗುವ ಪಿಲೇಜರ್‌ಗಳ ಗುಂಪಿನಲ್ಲಿ ಒಬ್ಬ ನಾಯಕನಿರುತ್ತಾನೆ, ತಲೆಯ ಮೇಲೆ ಬಾವುಟ ಹೊತ್ತವನು. ಬಿಳಿಯ ಬಟ್ಟೆಯ ಮೇಲೆ ಬೂದು ಮುಖ, ಅದೇ ಹುಬ್ಬು, ಅದೇ ಮೂಗು. ಸಾಮಾನ್ಯ ಆಟಗಾರ ಮಗ್ಗದಲ್ಲಿ ಕೂತು ಬಾವುಟಕ್ಕೆ ಆರು ಪದರ ಚಿತ್ತಾರ ಹಾಕಬಹುದು, ಅದಕ್ಕಿಂತ ಹೆಚ್ಚಿಲ್ಲ. ಈ ಬಾವುಟದಲ್ಲಿ ಎಂಟು ಪದರಗಳಿವೆ. ಹಾಗಾಗಿ ನಮ್ಮ ಕೈಯಲ್ಲಿ ಅದನ್ನು ನೇಯಲಾಗದು, ಗೆದ್ದೇ ತರಬೇಕು. ನನ್ನ ಮನೆಯ ಗೋಡೆಯ ಮೇಲೆ (ಆಟದೊಳಗಿನ ಮನೆ, ಹೆಂಡತಿ ಇದನ್ನು ಓದಿದರೆ ಗೊತ್ತಿರಲಿ) ಅಂಥದ್ದೊಂದು ತೂಗಿದೆ.

ಮೊದಲು ಆ ನಾಯಕನನ್ನು ಕೊಂದವನಿಗೆ ಅಪಶಕುನ ತಾನೇ ಅಂಟಿಕೊಳ್ಳುತ್ತಿತ್ತು. ಅದು ಗೊತ್ತಿಲ್ಲದವರು ಮನೆಗೆಂದು ಊರಿಗೆ ಬಂದರೆ ಹಿಂದೆಯೇ ದಂಡು. 2024ರ ಜೂನ್‌ನ ಆವೃತ್ತಿಯಿಂದ ನಾಯಕ ಒಂದು ಸೀಸೆ ಬೀಳಿಸಿ ಸಾಯುತ್ತಾನೆ, ಅದನ್ನು ಕುಡಿದರೆ ಮಾತ್ರ ಅಪಶಕುನ. ಕುಡಿದು ಊರೊಳಗೆ ಕಾಲಿಟ್ಟ ಮೇಲೂ 30 ಸೆಕೆಂಡಿನ ಬಿಡುವು. ಹಳಬರು ಕೆಲವರು ಇದನ್ನು ಗೊಣಗಿಕೊಂಡೇ ಒಪ್ಪಿದರು. ಬದಲಾವಣೆಯ ಹಿಂದೆ ಆಟದ ಸಮತೋಲದ ಲೆಕ್ಕಾಚಾರಗಳಿರಬಹುದು, ಅವುಗಳ ತಂಟೆ ನನಗೆ ಬೇಡ. ರಸದ ದೃಷ್ಟಿಯಿಂದ ನೋಡಿದರೆ ಆ 30 ಸೆಕೆಂಡು ವರವೇ ಸರಿ. ಗಂಟೆಯ ಪಕ್ಕ ನಿಂತಿದ್ದೀರಿ. ರೈತ ಕ್ಯಾರೆಟ್ ಕೀಳುತ್ತಿದ್ದಾನೆ. ಬರುವುದು ನಿಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಮನಸ್ಸು ಬದಲಾದರೆ ಒಂದು ಬಕೆಟ್ ಹಾಲು ಕುಡಿದುಬಿಡಿ, ಶಕುನ ಕಳೆಯುತ್ತದೆ. ಹಾಲು ಕೈಯಲ್ಲೇ ಇದ್ದೂ ಕುಡಿಯದೆ ನಿಲ್ಲುವುದರಲ್ಲಿ ಒಂದು ಬಗೆಯ ಕೆಟ್ಟ ಸುಖವಿದೆ, ಸುಳ್ಳೇಕೆ ಹೇಳಲಿ.

ಆಮೇಲೆ ಕೊಂಬು.

ಇದಕ್ಕೆ ಸ್ವಲ್ಪ ನಿಧಾನಿಸಿ. ದಾಳಿಗೆಂದು ಯುದ್ಧದ ನಗಾರಿಯಿಲ್ಲ, ಮೈ ನವಿರೇಳಿಸುವ ವಾದ್ಯಮೇಳವಿಲ್ಲ. ಒಂದೇ ಒಂದು ಕೊಂಬು, ದೂರದಲ್ಲಿ, ಗುಡ್ಡದ ಆಚೆಯಿಂದ ಊದಿದಂತೆ. ತಗ್ಗಿನ ಸ್ವರ, ತುದಿಯಲ್ಲಿ ಸ್ವಲ್ಪ ಒಡಕು. ಅದು ಎಲ್ಲ ಕಡೆಯಿಂದ ಒಟ್ಟಿಗೆ ಕೇಳಿಬರುವ ಹಿನ್ನೆಲೆಯ ಸದ್ದೂ ಅಲ್ಲ. ದಂಡು ಯಾವ ದಿಕ್ಕಿನಲ್ಲಿ ಹುಟ್ಟಿದೆಯೋ ಆ ದಿಕ್ಕಿನಿಂದಲೇ ಬರುತ್ತದೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಎಡಗಿವಿಯೋ ಬಲಗಿವಿಯೋ ಎಂಬುದು ಖಚಿತವಾಗಿ ಗೊತ್ತಾಗಿ, ಕಣ್ಣಿಗಿಂತ ಮೊದಲು ಕುತ್ತಿಗೆ ಅತ್ತ ತಿರುಗುತ್ತದೆ. ಪರದೆಯ ನೆತ್ತಿಯಲ್ಲಿ ಕೆಂಪು ಪಟ್ಟಿಯೊಂದು ಮೆಲ್ಲನೆ ತುಂಬಿಕೊಳ್ಳುತ್ತದೆ. ಇನ್ನೂ ಯಾರೂ ಕಾಣುತ್ತಿಲ್ಲ. ದಿಗಂತದ ಹಸಿರಿನಲ್ಲಿ ಸಣ್ಣ ಬೂದು ಚುಕ್ಕೆಗಳು ಏಳುವ ತನಕ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೀವು, ಆ ಕೊಂಬಿನ ನೆನಪು, ಮತ್ತು ಇನ್ನೂ ಹರಟುತ್ತಿರುವ ಊರು.

ಅದೂ ಹಗಲಿನಲ್ಲಿ! ಈ ಆಟದ ಜೋಂಬಿಗಳು, ಅಸ್ಥಿಪಂಜರಗಳು ಕತ್ತಲ ಕೂಸುಗಳು, ಸೂರ್ಯ ಹುಟ್ಟಿದರೆ ಹೊತ್ತಿ ಉರಿಯುತ್ತವೆ. ರಾತ್ರಿ ಬಾಗಿಲು ಹಾಕಿ ಮಲಗಿದವನು ಬದುಕುತ್ತಾನೆ ಎಂಬುದೇ ಇಲ್ಲಿ ಕಲಿಯುವ ಮೊದಲ ಪಾಠ. ಇಲೇಜರ್‌ಗಳಿಗೆ ಬಿಸಿಲು ಲೆಕ್ಕಕ್ಕಿಲ್ಲ. ನಡುಮಧ್ಯಾಹ್ನ, ಹೂವಿನ ಬಯಲನ್ನು ದಾಟಿಕೊಂಡು, ಅವಸರವಿಲ್ಲದೆ ಬರುತ್ತಾರೆ.

ಬರುವ ಕ್ರಮದಲ್ಲಿ ಒಂದು ರಚನೆಯಿದೆ. ಕಂಪ್ಯೂಟರಿನ ಜಾವಾ ಆವೃತ್ತಿಯಲ್ಲಿ ಸುಲಭದ ಮಟ್ಟದಲ್ಲಿ ಮೂರು ಅಲೆ, ಸಾಧಾರಣದಲ್ಲಿ ಐದು, ಕಠಿಣದಲ್ಲಿ ಏಳು. ನಾನು ಕಠಿಣವನ್ನೇ ಶಿಫಾರಸು ಮಾಡುತ್ತೇನೆ, ಪೂರ್ಣ ಪ್ರಸಂಗ ನೋಡದೆ ಎದ್ದುಹೋಗುವುದು ಯಾವ ರಸಿಕತನ? ಯಕ್ಷಗಾನದ ಒಡ್ಡೋಲಗ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಕೋಡಂಗಿ, ಬಾಲಗೋಪಾಲರು ಕುಣಿದು ಹೋದ ಮೇಲೆ ಹೊತ್ತು ಏರುತ್ತ ಏರುತ್ತ, ಬಣ್ಣದ ವೇಷವನ್ನು ನಡುರಾತ್ರಿಗೆ ಕಾದಿರಿಸುತ್ತಾರಲ್ಲ, ಅದೇ ಲೆಕ್ಕಾಚಾರ. ಮೊದಲ ಅಲೆಯಲ್ಲಿ ಬರಿಯ ನಾಲ್ವರು ಪಿಲೇಜರ್‌ಗಳು. ಎರಡನೆಯದರಲ್ಲಿ ಮೂವರು ಪಿಲೇಜರ್‌ಗಳ ಜೊತೆ ಇಬ್ಬರು ವಿಂಡಿಕೇಟರ್‌ಗಳು. ಮೂರನೆಯದರಲ್ಲಿ ರಾವೇಜರ್‌ನ ಪ್ರವೇಶ. ನಾಲ್ಕನೆಯದರಲ್ಲಿ ಮಾಟಗಾತಿಯರು. ಐದರಲ್ಲಿ ಇವೋಕರ್, ಮತ್ತು ಈ ಸಲ ರಾವೇಜರ್‌ನ ಬೆನ್ನ ಮೇಲೆ ಪಿಲೇಜರ್ ಒಬ್ಬ ಸವಾರನಾಗಿ. ಏಳನೆಯದಕ್ಕೆ ಎರಡು ರಾವೇಜರ್‌ಗಳು, ಒಂದರ ಮೇಲೆ ಇವೋಕರ್, ಇನ್ನೊಂದರ ಮೇಲೆ ವಿಂಡಿಕೇಟರ್. ಇದು ಮೂಲ ಸಂಖ್ಯೆ. ಇದರ ಮೇಲೆ ಆಟ ತನಗೆ ತೋಚಿದಂತೆ ಒಬ್ಬಿಬ್ಬರನ್ನು ಸೇರಿಸುವುದುಂಟು. ಒಬ್ಬೊಬ್ಬನನ್ನೂ ಸರದಿಯಂತೆ ಪರಿಚಯಿಸಿ, ಆಮೇಲೆ ಜೊತೆಗೂಡಿಸಿ, ಕೊನೆಗೆ ಒಬ್ಬನ ಮೇಲೆ ಒಬ್ಬನನ್ನು ಕೂರಿಸುವ ಈ ಹದ ನೋಡಿ.

ಪಿಲೇಜರ್‌ನ ಬಗ್ಗೆ ಹೆಚ್ಚು ಹೇಳಲಾರೆ. ಅಡ್ಡಬಿಲ್ಲನ್ನು ಕಾಲಬುಡಕ್ಕೆ ತಗ್ಗಿಸಿ ಹುರಿಯನ್ನು ಎಳೆದು ಕೂರಿಸುವ ಶ್ರಮ ಚೆನ್ನಾಗಿದೆ, ಹುರಿ ಕೊಕ್ಕೆಗೆ ಬೀಳುವ ಸಣ್ಣ ‘ಕಟಕ್’ ಇನ್ನೂ ಚೆನ್ನಾಗಿದೆ. ಕೈ ಕಟ್ಟಿಕೊಳ್ಳಲು ಅವನಿಗೆ ಪುರುಸೊತ್ತಿಲ್ಲ, ಸದಾ ಬಿಲ್ಲು ಹಿಡಿದವನು. ಕಾಲಾಳು. ಮಾಟಗಾತಿಯರದು ಇದಕ್ಕಿಂತ ರುಚಿಯಾದ ವಿಷಯ. ಉಳಿದ ದಿನ ನಿಮ್ಮ ಮೇಲೆ ವಿಷದ ಸೀಸೆ ಎಸೆಯುವವಳು ದಾಳಿಯ ದಿನ ತನ್ನವರ ಮೇಲೆ ಮದ್ದಿನ ಸೀಸೆ ಎಸೆದು ಗಾಯ ಮಾಯಿಸುತ್ತಾಳೆ. ಖಳರಲ್ಲೂ ಆರೈಕೆಯಿದೆ ಎಂಬುದನ್ನು ಕಂಡಾಗ ಅವಳ ಮೇಲೆ ಬಾಣ ಬಿಡಲು ಒಂದು ಗಳಿಗೆ ಕೈ ತಡೆಯುತ್ತದೆ. ಒಂದೇ ಗಳಿಗೆ.

ವಿಂಡಿಕೇಟರ್ ಬಯಲಿಗೆ ಬಂದಾಗ ಬಂಗಲೆಯ ಗತ್ತು ಕಳೆದುಕೊಂಡು ಓಡಿಬರುತ್ತಾನೆ, ಸಾಧಾರಣ ಮತ್ತು ಕಠಿಣ ಮಟ್ಟದಲ್ಲಿ ಮನೆಯ ಬಾಗಿಲನ್ನೇ ಒಡೆಯುತ್ತಾನೆ. ಒಡೆಯುತ್ತಿರುವ ಬಾಗಿಲಿನ ಒಳಗೆ ನಿಂತು ಕೇಳಿ: ಹಲಗೆಯ ಮೇಲೆ ಕೊಡಲಿ, ಬಿರುಕು ಹರಡುವುದು, ಹಿಂದೆ ಮೂಲೆಯಲ್ಲಿ ಹಳ್ಳಿಯವನ ಮೂಗಿನ ನರಳು. ತಯಾರಕರಿಗೆ ತಮ್ಮ ಗುರುಗಳ ನೆನಪಿದ್ದಂತಿದೆ. ಹೆಸರು ಕಟ್ಟುವ ಚೀಟಿಯಲ್ಲಿ ‘ಜಾನಿ’ ಎಂದು ಬರೆದು ಇವನಿಗೆ ಕೊಟ್ಟರೆ ಎದುರಿಗೆ ಬಂದ ಹೆಚ್ಚುಕಡಿಮೆ ಎಲ್ಲ ಜೀವಿಗಳ ಮೇಲೂ ಕೊಡಲಿ ಎತ್ತುತ್ತಾನೆ. ಕ್ಯೂಬ್ರಿಕ್‌ನ ‘ದಿ ಶೈನಿಂಗ್’ ನೋಡಿದವರು ಬಾಗಿಲನ್ನೂ ಕೊಡಲಿಯನ್ನೂ ಜಾನಿಯನ್ನೂ ಜೋಡಿಸಿಕೊಂಡು ನಗುತ್ತಾರೆ.

ರಾವೇಜರ್ ನನ್ನ ಮುದ್ದಿನ ಪ್ರಾಣಿ. ನೂರು ಅಂಕದ ಪ್ರಾಣಶಕ್ತಿ, ಪಿಲೇಜರ್‌ನದು ಬರಿಯ 24. ಬೂದು ಗುಡ್ಡದಂಥ ಮೈ, ಕೋಡು, ಬೆನ್ನಿಗೆ ಜೀನು, ಮುಖದಲ್ಲಿ ಮತ್ತೆ ಅದೇ ಮನೆತನದ ಮೂಗು! ಪ್ರಾಣಿಗೂ ಅದನ್ನೇ ಅಂಟಿಸಿದ ಕಲಾವಿದನ ಕೈಗೆ ಬಂಗಾರದ ಕಡಗ ತೊಡಿಸಬೇಕು. ಅದು ಬರುವ ದಾರಿಯಲ್ಲಿ ಬೆಳೆಗಳು ಉದುರುತ್ತವೆ, ಮರದ ಎಲೆಗಳು ಚೂರಾಗುತ್ತವೆ. ಒಂದು ಹೊಲ ಗೋಧಿ ಅರೆಗಳಿಗೆಯಲ್ಲಿ ಬರಿ ಮಣ್ಣಾಗುತ್ತದೆ. ಈಗ ಗುರಾಣಿ ಹಿಡಿಯಿರಿ. ಅದು ತಲೆ ತಗ್ಗಿಸಿ ಗುಮ್ಮುತ್ತದೆ, ಏಟು ಗುರಾಣಿಯ ಮೇಲೆ ಬೀಳುತ್ತದೆ, ಒಮ್ಮೊಮ್ಮೆ, ಎಲ್ಲ ಸಲವಲ್ಲ, ಆ ಏಟಿಗೆ ಪ್ರಾಣಿಯೇ ದಂಗಾಗುತ್ತದೆ. ನಿಂತಲ್ಲೇ ತಲೆ ತೂಗಿಸುತ್ತ, ಕಣ್ಣು ಕತ್ತಲೆ ಬಂದು, ಎಲ್ಲಿದ್ದೇನೆ ಎಂಬುದೇ ತಿಳಿಯದೆ ಎರಡು ಸೆಕೆಂಡು. ಎಷ್ಟು ದೊಡ್ಡ ಎರಡು ಸೆಕೆಂಡು ಅದು! ಕತ್ತಿ ಬೀಸಬಹುದು, ಓಡಬಹುದು, ನನ್ನಂಥವನು ಸುಮ್ಮನೆ ನಿಂತು ಆ ದೊಡ್ಡ ತಲೆಯ ಪೆದ್ದು ತೂಗಾಟವನ್ನು ನೋಡುತ್ತಾನೆ. ಅಷ್ಟರಲ್ಲಿ ಅದು ಎಚ್ಚೆತ್ತು ಬಾಯಿ ತೆರೆದು ಆರ್ಭಟಿಸುತ್ತದೆ. ಆ ಆರ್ಭಟದ ಗಾಳಿಗೆ ಸುತ್ತಲಿದ್ದವರೆಲ್ಲ ಚೆಲ್ಲಾಪಿಲ್ಲಿ.

ಆದರೂ ಈ ತಂಡದ ಮಹಾರಾಜ ಇವೋಕರ್. ಕಡುಕಪ್ಪು ನಿಲುವಂಗಿ, ಅಂಚಿಗೆ ಹೊನ್ನಿನ ಕಸೂತಿ, ಕಟ್ಟಿದ ಕೈ. ಆಯುಧ ಹಿಡಿಯುವುದೇ ಇಲ್ಲ. ಕೈ ಬಿಚ್ಚಿ ಮೇಲೆತ್ತುತ್ತಾನೆ ಅಷ್ಟೆ, ಬೆರಳಿಲ್ಲದ ಆ ಚೌಕ ಕೈಗಳ ಸುತ್ತ ಬಣ್ಣದ ಹೊಗೆಯ ಕಣಗಳು ಸುಳಿಯುತ್ತವೆ. ಬಣ್ಣ ನೋಡಿ ಅವನ ಮನಸ್ಸು ಓದಬಹುದು. ನೇರಳೆಯಾದರೆ ನೆಲದಿಂದ ಕೋರೆಹಲ್ಲುಗಳು. ಬಿಳಿಯಾದರೆ ವೆಕ್ಸ್‌ಗಳು. ಹೊಡೆಯುವ ಮೊದಲು ಹೇಳಿ ಹೊಡೆಯುವ ಈ ಸೌಜನ್ಯ ನನ್ನನ್ನು ಪ್ರತಿ ಸಲವೂ ಮರುಳು ಮಾಡುತ್ತದೆ. ನೀವು ದೂರವಿದ್ದರೆ 16 ಜೊತೆ ದವಡೆಗಳು ಒಂದರ ಹಿಂದೆ ಒಂದು ಸಾಲಾಗಿ, ನೆಲ ಸೀಳಿಕೊಂಡು ನಿಮ್ಮತ್ತ ಓಡಿಬಂದು ಪಟಪಟನೆ ಮುಚ್ಚಿಕೊಳ್ಳುತ್ತವೆ. ಹತ್ತಿರ ಹೋದಿರೋ, ಅವನ ಸುತ್ತ ಎರಡು ವೃತ್ತಗಳಾಗಿ ಏಳುತ್ತವೆ, ಒಳಗೆ ಐದು, ಹೊರಗೆ ಎಂಟು. ವಜ್ರದ ಕವಚ ತೊಟ್ಟಿದ್ದರೂ ಆ ಮಾಟದ ಕಡಿತ ಒಳಗಿಳಿಯುತ್ತದೆ. ವೆಕ್ಸ್‌ಗಳು ಮೂರು ಮೂರಾಗಿ ಹುಟ್ಟುವ ಪುಟ್ಟ ರೆಕ್ಕೆಯ ಪೀಡೆಗಳು. ಕೈಯಲ್ಲಿ ಕತ್ತಿ, ಗೋಡೆಗಳನ್ನು ಲೆಕ್ಕಿಸದೆ ತೂರಿ ಬರುತ್ತವೆ, ಎರಗುವಾಗ ಮೈ ಕೆಂಪಾಗುತ್ತದೆ. ಆಯುಷ್ಯ ಕಡಿಮೆ, ಸ್ವಲ್ಪ ಹೊತ್ತಿಗೆ ತಾವಾಗಿಯೇ ಸೊರಗಿ ಸಾಯುತ್ತವೆ, ಅಷ್ಟರೊಳಗೆ ಬೇಕಾದಷ್ಟು ಕಾಟ ಕೊಟ್ಟಿರುತ್ತವೆ.

ಅವನು ಬಿದ್ದಾಗ ಉಳಿಯುವುದು ಒಂದು ಪುಟ್ಟ ಹೊನ್ನ ಗೊಂಬೆ, ಹಸಿರು ಕಣ್ಣು, ಮೂಗು ಮರೆತಿಲ್ಲ. ಟೋಟೆಮ್ ಆಫ್ ಅನ್‌ಡೈಯಿಂಗ್. ಕೈಯಲ್ಲಿ ಹಿಡಿದಿದ್ದರೆ ಸಾವು ಬಂದ ಕ್ಷಣ ಅದು ಪರದೆಯ ತುಂಬ ತಿರುಗಿ, ಹಸಿರು ಹಳದಿ ಕಿಡಿಗಳನ್ನು ಚಿಮ್ಮಿ, ನಿಮ್ಮ ಬದಲು ತಾನು ಹೋಗುತ್ತದೆ. ಇದಕ್ಕಾಗಿ ಕೆಲವರು ಯಂತ್ರ ಕಟ್ಟಿ, ದಂಡುಗಳನ್ನು ನೀರಿನಲ್ಲಿ ಹರಿಸಿ, ಟೋಟೆಮ್‌ಗಳನ್ನು ಪೆಟ್ಟಿಗೆಗಟ್ಟಲೆ ತುಂಬಿಸಿಕೊಳ್ಳುತ್ತಾರೆ. ಅವರ ಎಂಜಿನಿಯರಿಂಗ್‌ಗೆ ನಮಸ್ಕಾರ. ಇವೋಕರ್‌ನ ಮುಖವನ್ನೇ ನೋಡದೆ ಅವನ ಗೊಂಬೆಯನ್ನು ಪಡೆಯುವುದು ನನಗೆ ಒಗ್ಗದ ಊಟ.

ಊರೂ ಸುಮ್ಮನಿರುವುದಿಲ್ಲ. ದಾಳಿಯ ಹೊತ್ತಿನಲ್ಲಿ ವಿಲೇಜರ್‌ಗಳು ಬೆವರುತ್ತಾರೆ, ನಿಜವಾಗಿಯೂ, ತಲೆಯ ಸುತ್ತ ಸಣ್ಣ ನೀರ ಹನಿಗಳು ಸಿಡಿಯುತ್ತವೆ. ಗಂಟೆ ಬಾರಿಸಿದರೆ ಎಲ್ಲರೂ ಕೈ ಕಟ್ಟಿಕೊಂಡೇ ಮನೆಗಳತ್ತ ಓಡುತ್ತಾರೆ, ಮತ್ತು ಸುತ್ತಮುತ್ತಲ ದಾಳಿಕೋರರ ಮೈಯಂಚು ಮೂರು ಸೆಕೆಂಡು ಬೆಳ್ಳಗೆ ಬೆಳಗಿ ಗೋಡೆಯ ಆಚೆಯಿಂದಲೂ ಕಾಣುತ್ತದೆ. ಕೊಟ್ಟಿಗೆಯ ಹಿಂದೆ ಅಡಗಿದ್ದವನು ಸಿಕ್ಕಿಬಿದ್ದ! ಕಬ್ಬಿಣದ ಗೋಲೆಮ್ ತನ್ನ ಉದ್ದ ಕೈಗಳನ್ನು ಬೀಸಿ ವಿಂಡಿಕೇಟರ್‌ಗಳನ್ನು ಆಕಾಶಕ್ಕೆ ಎಸೆಯುತ್ತದೆ. ಉಳಿದ ದಿನಗಳಲ್ಲಿ ಊರ ಮಕ್ಕಳಿಗೆ ಕೆಂಪು ಪಾಪಿ ಹೂ ಹಿಡಿದು ನಿಲ್ಲುವ ಕೈ ಅದೇ.

ಸೋತಾಗ ಏನಾಗುತ್ತದೆ ಎಂಬುದನ್ನೂ ನೋಡಿಡಬೇಕು. ಕೊನೆಯ ಹಳ್ಳಿಯವನು ಬಿದ್ದ ಮೇಲೆ ಇಲೇಜರ್‌ಗಳು ಕೈ ಮೇಲೆತ್ತಿ, ಕುಪ್ಪಳಿಸಿ, ನಗುತ್ತಾರೆ. ಖಾಲಿ ಊರಿನಲ್ಲಿ ಆ ಮೂಗಿನ ನಗು ಕೇಳಿದವನಿಗೆ ಮುಂದಿನ ಸಲ ಗುರಾಣಿ ಮರೆಯುವುದಿಲ್ಲ. ಗೆದ್ದರೆ ಹಳ್ಳಿಯವರು ಪಟಾಕಿ ಹಾರಿಸುತ್ತಾರೆ. ಊರ ವೀರನೆಂಬ ಪಟ್ಟ 40 ನಿಮಿಷ ಇರುತ್ತದೆ, ಅಷ್ಟು ಹೊತ್ತು ವ್ಯಾಪಾರದಲ್ಲಿ ರಿಯಾಯಿತಿ. ಜೊತೆಗೆ ಎದುರು ಸಿಕ್ಕವರೆಲ್ಲ ತಮ್ಮ ತಮ್ಮ ಕಸುಬಿನ ಕಾಣಿಕೆ ಎಸೆಯುತ್ತಾರೆ. ರೈತ ಬ್ರೆಡ್ಡು, ಕುರಿಗಾಹಿ ಉಣ್ಣೆ, ಪುಸ್ತಕದವನು ಪುಸ್ತಕ, ಬೆಸ್ತ ಮೀನು. ಕಲ್ಲುಕುಟಿಗ ಕೊಡುವುದು ಜೇಡಿಮಣ್ಣು. ಪ್ರಾಣ ಉಳಿಸಿದ್ದಕ್ಕೆ ಜೇಡಿಮಣ್ಣು! ನಾನದನ್ನು ಯಾವತ್ತೂ ಎಸೆದಿಲ್ಲ.

ಇನ್ನೊಬ್ಬನಿದ್ದಾನೆ, ಎಲ್ಲೂ ಎದುರಾಗದವನು. ನೀಲಿ ನಿಲುವಂಗಿಯ ಇಲ್ಯೂಷನರ್, ತನ್ನ ನಾಲ್ಕು ಪ್ರತಿಬಿಂಬಗಳನ್ನು ಹರಡಿ ಕಣ್ಣು ಕಟ್ಟುವವನು. 2017ರಿಂದ ಜಾವಾ ಆವೃತ್ತಿಯ ಒಡಲಲ್ಲಿದ್ದರೂ ತಾನಾಗಿ ಎಲ್ಲೂ ಹುಟ್ಟುವುದಿಲ್ಲ, ಆಜ್ಞೆ ಬರೆದು ಕರೆಯಬೇಕು. ಕರೆದು ನೋಡಿ, ಚೆಲುವ.

ಇವೋಕರ್‌ನ ಮೂರನೆಯ ವಿದ್ಯೆಯನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡೆ. ಅವನ ಕೈಸುತ್ತ ಕಿತ್ತಳೆ ಬಣ್ಣ ಸುಳಿದರೆ ಹತ್ತಿರದ ನೀಲಿ ಕುರಿಯೊಂದು ಕೆಂಪಾಗುತ್ತದೆ. ಆಗ ಅವನು ‘ವೊಲೊಲೊ’ ಎನ್ನುತ್ತಾನೆ, ‘ಏಜ್ ಆಫ್ ಎಂಪೈರ್ಸ್’ನ ಪೂಜಾರಿ ಶತ್ರುಗಳನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುವಾಗ ಹಾಡುತ್ತಿದ್ದ ಅದೇ ಮಂತ್ರ. ತೊಂದರೆಯೆಂದರೆ ಜಗಳದಲ್ಲಿ ತೊಡಗಿದ್ದಾಗ ಅವನಿಗೆ ಕುರಿಯ ಕಡೆ ಗಮನವಿಲ್ಲ, ದಾಳಿಯ ಗದ್ದಲದಲ್ಲಿ ಇದು ಕಾಣಸಿಗುವುದು ಕಷ್ಟ. ನೀಲಿ ಕುರಿ ತಾನಾಗಿ ಹುಟ್ಟುವುದೂ ಇಲ್ಲ. ಆದ್ದರಿಂದ ಹೀಗೆ ಮಾಡಿ: ಬಿಳಿ ಕುರಿಯೊಂದಕ್ಕೆ ನೀಲಿ ಬಣ್ಣ ಹಚ್ಚಿ, ನಕ್ಷೆ ಮಾರುವವನಿಂದ ಕಾಡುಬಂಗಲೆಯ ನಕ್ಷೆ ಕೊಂಡು, ಕುರಿಯ ಕುತ್ತಿಗೆಗೆ ಹಗ್ಗ ಕಟ್ಟಿ ಹೊರಡಿ. ದಾರಿ ಸಾವಿರಾರು ಬ್ಲಾಕ್ ಇರಬಹುದು, ನಡುವೆ ಹೊಳೆಗಳು ಬರುತ್ತವೆ, ಕುರಿ ಹಠ ಮಾಡುತ್ತದೆ, ರಾತ್ರಿ ತೋಳಗಳಿಂದ ಕಾಪಾಡಬೇಕು. ಬಂಗಲೆ ತಲುಪಿ, ಇವೋಕರ್ ಇರುವ ಕೋಣೆಗೆ ಕುರಿಯನ್ನು ನೂಕಿ, ಅವನ ಕಣ್ಣಿಗೆ ಬೀಳದಂತೆ ಗೋಡೆಯ ಸಂದಿಯಿಂದ ನೋಡಿ. ಹೆಡ್‌ಫೋನ್ ಮರೆಯಬೇಡಿ.